ಒಯಿರಿದಿಯಾಳ ಪರವಾಗಿ ನೋಡಿದ್ದು

ನ್ಯಾಯಾಧೀಶರು ಎರಡು ವಂಶಗಳ ಗಡಿಜಗಳದ ಜಮೀನು ನೋಡಲು ಹಳ್ಳಿಗೇ ಬಂದಿದ್ದರು. ಮಾವಿನ ಮರದಡಿ ಕುರ್ಚಿ ಹಾಕಿ, ಅದೇ ಕೋರ್ಟು ಎಂದು ಸಾರಿದ್ದೂ ಆಯಿತು. ಕೋಳಿಗಳಿಗೆ ಮಾತ್ರ ಆ ಸಂಗತಿ ಇನ್ನೂ ತಲುಪಿರಲಿಲ್ಲ. ಉಮುದಿಮ್ ವಂಶದ ವಕೀಲ ಇಲೋಕಾ ಎದ್ದು ತನ್ನ ಹೆಸರು ಹೇಳಿದ. ಎದುರು ಪಕ್ಷ ಉಮುಎಕೆ ವಂಶದ ವಕೀಲರೂ ಹೇಳಿದರು. ಕೊನೆಗೆ ಕಪ್ಪು ಗೌನಿನೊಳಗೆ ಬೇಯುತ್ತಿದ್ದ ವಕೀಲೆ ಚಿನೆಲೊ ಎದ್ದು ಬಾಗಿದಳು.

"ಮಹಾಸ್ವಾಮಿ, ಈ ದಾವೆಯಲ್ಲಿ ಇಲ್ಲದ ಒಯಿರಿದಿಯಾ ಅವರ ಪರವಾಗಿ, ನಡೆಯುವುದನ್ನು ನೋಡಲು ಹಾಜರಿದ್ದೇನೆ."

"ನೋಡಿ," ಎಂದರು ನ್ಯಾಯಾಧೀಶರು.

ಅಲ್ಲಿಗೆ ಅವಳ ವಾದ ಮುಗಿಯಿತು. ದಾವೆಗೆ ಸೇರದವರ ವಕೀಲೆ ಪ್ರಶ್ನೆ ಕೇಳುವಂತಿಲ್ಲ, ಆಕ್ಷೇಪ ಎತ್ತುವಂತಿಲ್ಲ.

"ಪುಣ್ಯವಂತೆ ಕಣಮ್ಮ," ಇಲೋಕಾ ಪಿಸುಗುಟ್ಟಿದ. "ನಾವು ಗಂಟಲು ಹರ್ಕೋಬೇಕು, ನೀನು ಮದುವೆಗೆ ಬಂದಂಗೆ ಬಂದು ಕೂತ್ರಾಯ್ತು."

"ಮದುವೇಲಿ ಊಟನಾದ್ರೂ ಹಾಕ್ತಾರೆ ಸಾರ್."

ಒಯಿರಿದಿಯಾ ವಿಧವೆ ಮುದುಕಿ. ಅವಳ ಮಾವನಿಗೆ ಉಮುಎಕೆಯವರು ಎಂದೋ ಕೊಟ್ಟ ಜಾಗದಲ್ಲಿ, ಹಳ್ಳದ ದಂಡೆಯ ಮೇಲೆ ಅವಳ ಮನೆ. ಗಡಿಯು, ಗಡಿಗೆಂದೇ ನೆಡುವ ಒಗಿರಿಸಿ ಮರದ ಬಳಿ ತಿರುಗಿದರೆ ಮನೆ ಉಳಿಯಿತು. ನೇರ ಹಳ್ಳಕ್ಕೇ ಇಳಿದರೆ ಅದು ಉಮುದಿಮ್‌ನವರ ಪಾಲು. ಅವರು ಆಗಲೇ ಅಲ್ಲಿ ಪೆಟ್ರೋಲ್ ಬಂಕ್ ಕಟ್ಟುವ ಮಾತಾಡುತ್ತಿದ್ದರು. ದಾವೆಗೆ ಸೇರಿಕೊಳ್ಳಿ ಎಂದರೆ ಮುದುಕಿ ಸುತರಾಂ ಒಪ್ಪಿರಲಿಲ್ಲ. "ಒಬ್ಳು ಮಗಳನ್ನ ಆ ಮನೆತನಕ್ಕೆ ಕೊಟ್ಟಿದೀನಿ, ಇನ್ನೊಬ್ಳನ್ನ ಈ ಮನೆತನಕ್ಕೆ. ಯಾರ ಮೇಲೆ ಕೇಸ್ ಹಾಕ್ಲವ್ವ? ನೀನು ಹೋಗಿ ನೋಡ್ಕೊಂಡು ಬಾ, ಸಾಕು."

ಎರಡೂ ಕಡೆಯವರು ಆಣೆಗೆ ಒಪ್ಪಿದ್ದರು: ಉಮುದಿಮ್‌ನ ಹಿರಿಯ ಎಜೆಕ್ವೆ ಅಜ್ಜ, ಪೂರ್ವಿಕರ ಆಣೆಯ ಓಫೋ ಕೋಲು ಹಿಡಿದು ನಡೆದದ್ದೇ ಗಡಿ. ಓಫೋ ಹಿಡಿದು ಸುಳ್ಳಾಡಿದವನು ವರ್ಷ ತುಂಬುವ ಮೊದಲೇ ಸಾಯುತ್ತಾನೆ. ಇದು ವಿಲಾಯಿತಿಯಲ್ಲಿ ಓದಿದ ನ್ಯಾಯಾಧೀಶರಿಗೂ ಗೊತ್ತಿತ್ತು. ಆದರೆ ಅಜ್ಜನಿಗೆ ತೊಂಬತ್ತು ದಾಟಿತ್ತು. ಹೇಗೂ ಹೊರಟು ನಿಂತವನಿಗೆ ಸಾವಿನ ಭಯ ಯಾಕೆ ಎಂಬುದು ಇಲೋಕಾನ ಲೆಕ್ಕ. ಅದಕ್ಕೇ ಅವನು ಅಷ್ಟು ನಿರಾಳವಾಗಿ ಬೀಸಣಿಗೆ ಆಡಿಸುತ್ತಿದ್ದ.

ಅಜ್ಜ ನಡೆದ. ಹಿಂದೆ ನ್ಯಾಯಾಧೀಶರು, ಅವರ ಹಿಂದೆ ಊರು. ಒಗಿರಿಸಿ ಮರದ ಬಳಿ ಅಜ್ಜ ನಿಂತ. ಎದುರಿಗೇ ಒಯಿರಿದಿಯಾಳ ಅಡುಗೆಮನೆ, ಅದರಾಚೆ ಹಳ್ಳ.

"ನಡಿ ಅಪ್ಪಾ, ಹಳ್ಳದ ತಂಕ!" ಅಜ್ಜನ ಮಗ ಕೂಗಿದ.

ಅಜ್ಜ ಕಾಲೆತ್ತಿದ. ಚಿನೆಲೊಗೆ ಮಾತು ಬಾಯಿಗೇ ಬಂದಿತ್ತು. ತುಟಿ ಕಚ್ಚಿಕೊಂಡಳು. ಮುದುಕನ ಕಣ್ಣು ಅವಳ ಮೇಲೆ ಬಿತ್ತು. ಎತ್ತಿದ ಕಾಲನ್ನು ಇದ್ದಲ್ಲೇ ಊರಿದ.

"ಆ ಹೆಣ್ಮಗಳು ಯಾರ ಕಡೆ?"

"ಯಾರ ಕಡೇನೂ ಅಲ್ಲ ಅಜ್ಜ," ನ್ಯಾಯಾಧೀಶರೇ ಹೇಳಿದರು. "ಇಲ್ಲಿ ಇಲ್ದಿರೋರ ಪರವಾಗಿ ಬಂದಿದಾಳೆ."

"ಮಾತಾಡಲ್ವಾ?"

"ಮಾತಾಡಂಗಿಲ್ಲ."

"ಮತ್ತೇನ್ಮಾಡ್ತಾಳೆ?"

"ನೋಡ್ತಾಳೆ. ಹೋಗಿ, ನೋಡಿದ್ದು ಹೇಳ್ತಾಳೆ."

ಅಜ್ಜ ಅವಳನ್ನೇ ಮೇಲಿಂದ ಕೆಳಗೆ ನೋಡಿದ.

"ನಾವು ಸತ್ತೋರನ್ನ ಮಾತ್ರ ಹಂಗೆ ಕರೆದು ಕೂರಿಸ್ಕೋತೀವಿ," ಎಂದ. "ತುಟಿ ಬಿಚ್ಚಲ್ಲ, ಎಲ್ಲಾ ನೋಡ್ತಾರೆ." ಮಗನ ಕಡೆ ತಿರುಗಿದ. "ನೀನಿಲ್ಲಿ ಪೆಟ್ರೋಲ್ ಮಾರ್ಕೊಂಡು ಇರ್ತೀಯ ಕಣೋ. ನಾನು ನಾಳೆನೋ ನಾಡಿದ್ದೋ ಅವರ ಮಧ್ಯೆ ಹೋಗಿ ಕೂರ್ಬೇಕು. ನಮ್ಮಪ್ಪ ಕೇಳ್ತಾನೆ, ಎಲ್ಲಿ ನಡೆದೆ ಅಂತ."

ಇಲೋಕಾನ ಬೀಸಣಿಗೆ ನಿಂತಿತು.

ಓಫೋ ಎದೆಗೊತ್ತಿಕೊಂಡು ಅಜ್ಜ ಮರದ ಬಳಿಯೇ ಎಡಕ್ಕೆ ತಿರುಗಿದ. ಒಂದೊಂದು ಹೆಜ್ಜೆಗೂ ಸತ್ತವರ ಹೆಸರು ಹಿಡಿದು ಕರೆಯುತ್ತ, ಇಲ್ಲಿ ಮೆಟ್ಟಿದ್ದೀನಿ, ಇಲ್ಲಿ ಮೆಟ್ಟಿದ್ದೀನಿ, ಎಂದು ಒಪ್ಪಿಸುತ್ತ ನಡೆದ. ಮನೆ ಉಮುಎಕೆಯವರ ಕಡೆಗೇ ಉಳಿಯಿತು. ನ್ಯಾಯಾಧೀಶರು ತಮಗೇ ಅರಿವಿಲ್ಲದೆ ಕೋರ್ಟಿನ ಬಿಳಿ ವಿಗ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದರು.

ಚಿನೆಲೊಗೆ ತಲೆ ತಗ್ಗಿಸಬೇಕು ಅನ್ನಿಸಿತು, ಸುತ್ತಲಿನವರೆಲ್ಲ ತಗ್ಗಿಸಿದ್ದರು ಕೂಡ. ಆದರೆ ಹೋಗಿ ಹೇಳಬೇಕಾದವಳು ಅವಳೊಬ್ಬಳೇ. ಹಾಗಾಗಿ ರೆಪ್ಪೆ ಬಡಿಯದೆ, ಅಜ್ಜನ ಬೆನ್ನು ಮರಗೆಣಸಿನ ಹೊಲದಲ್ಲಿ ಮರೆಯಾಗುವವರೆಗೂ ನೋಡಿದಳು.