ಹದಿನೈದು ಗೆರೆ

ಕಾಡಿನಿಂದ ತಂದ ಹಲ್ಲಿಯ ಬೆರಳಡಿ ಹದಿನೈದು ಗೆರೆಗಳಿದ್ದವು. ಎಲ್ಲರೂ ಬಲ್ಲ ಜಾತಿಗೆ ಹನ್ನೆರಡೇ. ಇದು ಹೊಸ ಜಾತಿಯೆಂದು ಸಂಶೋಧಕಿ ಪಟ್ಟು ಹಿಡಿದಳು.

"ಒಂದೇ ಹಲ್ಲಿ ನೋಡಿ ಹೇಳೋಕಾಗುತ್ತೇನಮ್ಮ? ಇನ್ನೊಂದು ತಗೊಂಡು ಬಾ," ಎಂದು ಸಂಗ್ರಹಾಲಯದ ಮುಖ್ಯಸ್ಥರು ನಕ್ಕುಬಿಟ್ಟರು.

ಮೂರು ವರ್ಷ ಕಾಡು ಅಲೆದರೂ ಒಂದು ಬಾಲವೂ ಸಿಗಲಿಲ್ಲ. ಸೋತು ಕೂರುವ ಜಾಯಮಾನ ಅವಳದಲ್ಲ. ಸಂಗ್ರಹಾಲಯದ ಕಪಾಟು ತೆರೆದು, ಸೀಸೆಗಳಲ್ಲಿಟ್ಟ ಹಳೆಯ ಹಲ್ಲಿಗಳ ಬೆರಳಡಿಯ ಗೆರೆ ಎಣಿಸತೊಡಗಿದಳು. ನಾನೂರ ಹನ್ನೊಂದನೆಯದರಲ್ಲಿ ಹದಿನೈದು ಸಿಕ್ಕಿತು! ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದಂತಾಗಿತ್ತು. ಸೀಸೆಗಂಟಿಸಿದ ಚೀಟಿಯ ಮೇಲೆ ದುಂಡಗೆ 'ಸಾಮಾನ್ಯ ಹಲ್ಲಿ' ಎಂದಿತ್ತು.

ಸೀಸೆಯನ್ನು ಮುಖ್ಯಸ್ಥರ ಮೇಜಿನ ಮೇಲೆ ಕುಕ್ಕಿದಳು. ಅವರು ಮಸೂರ ಹಿಡಿದು ಎರಡು ಸಲ ಎಣಿಸಿದರು. ಚೀಟಿಯ ಅಕ್ಷರ ಅವರದೇ.

"ಹೌದಲ್ಲಮ್ಮ! ಏನು ಹೆಸರಿಡ್ತೀಯ?"

ಅವಳು ಪೆನ್ನು ಅವರ ಕೈಗಿತ್ತಳು.

"ಅದು ಆಮೇಲೆ ಸಾರ್. ಮೊದಲು ನಿಮ್ಮ ಚೀಟಿ ತಿದ್ದಿ."