ಎಲ್ಲಿ ನೋಯ್ತಿದೆ?

"ಬಿಡಮ್ಮಾ, ಮಡಚಲ್ಲ ಅಂದ್ರೆ ಮಡಚಲ್ಲ," ಎಂದಳು ಪಕ್ಕದ ಮನೆಯ ದರ್ಜಿಯಮ್ಮ.

ಮಗಳು ಕೇಳಲಿಲ್ಲ. ಶವಪೆಟ್ಟಿಗೆಯಲ್ಲಿ ಮಲಗಿಸಿದ್ದ ಅಮ್ಮನ ಹೆಬ್ಬೆರಳುಗಳನ್ನು ಒಳಕ್ಕೆ ಮಡಚಿ, ಎರಡೂ ಕೈಗಳನ್ನು ಎದೆಯ ಮೇಲೆ ನೆಟ್ಟಗೆ ಇಡಲು ಹೆಣಗುತ್ತಿದ್ದಳು. ಜನ್ಮವಿಡೀ ಬೇರೆಯವರ ಬೆನ್ನು ಒತ್ತಿ ಒತ್ತಿ ಆ ಬೆರಳುಗಳ ಬುಡ ಗಂಟುಗಟ್ಟಿತ್ತು. ಹೊರಕ್ಕೆ ಬಾಗಿದವು ಬಾಗಿಯೇ ಉಳಿದಿದ್ದವು.

"ನಿಮ್ಮಮ್ಮ ಹಟಮಾರಿ, ಅವಳ ಬೆರಳು ಬೇರೆ ಥರ ಇರುತ್ತಾ?" ದರ್ಜಿಯಮ್ಮ ನಗಲು ಹೋಗಿ ಅತ್ತುಬಿಟ್ಟಳು. "ಇನ್ಮೇಲೆ ಕತ್ತು ಹಿಡ್ಕೊಂಡ್ರೆ ನಾನು ಯಾರ ಹತ್ರ ಹೋಗ್ಲಿ?"

ಮೂಲೆಯ ಕುರ್ಚಿಯಲ್ಲಿ ಅಪ್ಪ ಬಲ ಭುಜ ಹಿಡಿದುಕೊಂಡು ಕೂತಿದ್ದ. ಅದು ಹಳೆಯ ಸೆಳೆತ. ಅಮ್ಮ ಸಂಜೆ ಕೆಲಸದಿಂದ ಬಂದವಳೇ, ಒಂದು ಲೋಟ ನೀರು ಕುಡಿಯುವ ಮೊದಲೇ, ಅದನ್ನು ತಿಕ್ಕಬೇಕಿತ್ತು. "ಪೆಟ್ಟಿಗೆಗೆ ಹೆಗಲು ಹೇಗೆ ಕೊಡೋದೋ ಏನೋ," ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಸತ್ತವಳಿಗಿಂತ ಆ ಭುಜದ ವಿಚಾರಣೆಯೇ ಹೆಚ್ಚು ನಡೆದಿತ್ತು.

*

ಕ್ಷೌರದಂಗಡಿಯ ಹಿಂದೆ, ಪರದೆಯಾಚೆ ಒಂದು ಕಿರಿದಾದ ಮಂಚ. ಅಮ್ಮ ಮಸಾಜ್ ಮಾಡುತ್ತಿದ್ದುದು ಅಲ್ಲೇ, ಮಗಳನ್ನು ಅದೇ ಕಸುಬಿಗೆ ಪಳಗಿಸಿದ್ದೂ ಅಲ್ಲೇ.

"ಮೊದ್ಲು ಅಂಗೈ ಉಜ್ಜಿ ಬಿಸಿ ಮಾಡ್ಕೊ. ಆಮೇಲೆ, ಎಲ್ಲಿ ನೋಯ್ತಿದೆ ಅಂತ ಮಾತ್ರ ಯಾರನ್ನೂ ಕೇಳ್ಬೇಡ."

"ಕೇಳಿದ್ರೆ ಏನಾಗುತ್ತೆ?"

"ಬರೋ ಕೆಲಸ ತಪ್ಪುತ್ತೆ. ನಂಗೆ ತಪ್ಪಲಿಲ್ವಾ?"

ಮಗಳು ಚಿಕ್ಕವಳಿದ್ದಾಗ ಕಾಲ್ಚೆಂಡು ತಂಡವೊಂದಕ್ಕೆ ಮಸಾಜ್ ಮಾಡುವವರು ಬೇಕಾಗಿದ್ದರು. ಕಾಯಂ ಕೆಲಸ, ತಂಡದ ಜೊತೆ ಊರೂರು ಪ್ರಯಾಣ, ಮುಂದೆ ಬೇಕಾದರೆ ಓದಿಸಿ ಸರ್ಟಿಫಿಕೇಟೂ ಕೊಡಿಸುತ್ತಿದ್ದರು. ಪರೀಕ್ಷೆಗೆಂದು ಒಬ್ಬ ಆಟಗಾರನನ್ನು ಮಲಗಿಸಿದ್ದರು. ಅವನ ತೊಡೆಯ ಮೇಲೆ ಕೈಯಿಟ್ಟ ಅಮ್ಮನ ಬಾಯಿಂದ, "ಎಲ್ಲಿ ನೋಯ್ತಿದೆ?" ಎಂದು ಬಂದುಬಿಟ್ಟಿತು. ಸರದಿಯಲ್ಲಿದ್ದವರು ಕಿಸಕ್ಕೆಂದರು. ಕೈಯಲ್ಲಿ ಕಸುಬಿದ್ದವಳು ಬಾಯಿಬಿಟ್ಟು ಕೇಳುತ್ತಾಳೆಯೇ?

ಫೋನ್ ಮಾಡುತ್ತೇವೆ ಎಂದು ಹೇಳಿ ಕಳಿಸಿದ್ದರು.

ಸಂಜೆ ಬಾಗಿಲಲ್ಲೇ ಅಮ್ಮ ಕೇಳುವಳು, "ಫೋನ್ ಬಂತಾ?"

"ಇಲ್ಲ," ಎಂದು ಅಪ್ಪ ಭುಜ ಒಡ್ಡುವನು.

ಕೊನೆಗೆ ಅವಳು ಆ ಪ್ರಶ್ನೆಯನ್ನೂ ಬಿಟ್ಟಳು. ಮುಂದೆ ಮಗಳು ದೊಡ್ಡಾಸ್ಪತ್ರೆಯ ಕೆಲಸಕ್ಕೆ ಹೋಗುತ್ತೇನೆ ಎಂದಾಗ, "ನಮ್ಮ ಕೈಗೆ ಈ ಪರದೆನೇ ಸರಿ ಕಣೆ, ಹೋಗಿ ನಗೆಪಾಟಲಾಗ್ಬೇಡ," ಎಂದಿದ್ದಳು. ಮಗಳು ಹೋಗಲಿಲ್ಲ.

*

ಊರುಗೋಲು ಊರಿಕೊಂಡು ಬಂದ ಮುದುಕರನ್ನು ಮನೆಯಲ್ಲಿ ಯಾರೂ ನೋಡಿರಲಿಲ್ಲ. "ನಾನು ಫುಟ್‌ಬಾಲ್ ತಂಡದ ಕೋಚ್ ಆಗಿದ್ದೆ," ಎಂದರು ಅವರು. "ಇವತ್ತು ಮೊದಲ್ನೇ ಸಲ ಆ ಕ್ಷೌರದಂಗಡಿಗೆ ಕಟಿಂಗ್ ಮಾಡಿಸೋಕೆ ಹೋದಾಗ, ಇವ್ರ ಫೋಟೊ ನೋಡಿ ಸುದ್ದಿ ಗೊತ್ತಾಯ್ತು." ಅಮ್ಮನ ಕೈಗಳನ್ನು ಬಹಳ ಹೊತ್ತು ನೋಡಿದರು. "ಈ ಕೈ ನಮಗೆ ದಕ್ಕಲಿಲ್ಲ. ಇವ್ರು ಯಾಕೆ ಬೇಡ ಅಂದ್ರೋ, ನಂಗೆ ಇವತ್ತಿಗೂ ತಿಳೀಲಿಲ್ಲ."

"ಬೇಡ ಅಂದಿದ್ದು ನೀವಲ್ವಾ?" ಎಂದಳು ಮಗಳು. "ಎಲ್ಲಿ ನೋಯ್ತಿದೆ ಅಂತ ಕೇಳಿದ್ಳು ಅಂತ?"

"ಅಯ್ಯೋ, ಕೇಳಿದ್ದಕ್ಕೇ ಆರಿಸಿದ್ದು! ಮಿಕ್ಕವ್ರೆಲ್ಲ ಗೋಡೆಗೆ ಸುಣ್ಣ ಹೊಡ್ದ ಹಾಗೆ ತಿಕ್ಕಿ ಹೋದ್ರು. ಹುಡುಗನ ತೊಡೇಲಿ ಸ್ನಾಯು ಹರಿದಿತ್ತು, ಕೇಳಿದ್ದು ಇವ್ರೊಬ್ರೇ. ನಾನೇ ಇಲ್ಲಿಗೆ ಫೋನ್ ಮಾಡಿದ್ದೆ. ಯಾರೋ ಗಂಡಸರು ತಗೊಂಡ್ರು. ಅವಳು ಆ ಕೆಲಸಾನೇ ಬಿಟ್ಟಿದ್ದಾಳೆ, ಇನ್ನು ಫೋನ್ ಮಾಡ್ಬೇಡಿ ಅಂದ್ರು."

ಆ ಮನೆಯಲ್ಲಿ ಇದ್ದ ಗಂಡಸು ಒಬ್ಬನೇ. ದರ್ಜಿಯಮ್ಮನೂ ಅವನತ್ತ ತಿರುಗಿದಳು.

"ಅಪ್ಪಾ?"

ಅಪ್ಪ ತನ್ನ ಬೂಟು ನೋಡಿಕೊಂಡ. "ಊರೂರು ಅಲೆಯೋ ಕೆಲಸ. ನೀನು ಆಗ ಇಷ್ಟುದ್ದ ಇದ್ದೆ. ಮನೇಲಿ ಯಾರು ನೋಡ್ಕೊಳ್ಳೋರು? ನನ್ನ ಭುಜ ಬೇರೆ..."

"ಸಾಯೋ ತನಕ ತನ್ನ ಬಾಯಿನೇ ಶಪಿಸ್ಕೊಂಡ್ಳಲ್ಲಪ್ಪ!"

"ಹೇಳೋಣ ಅಂತಾನೇ ಇದ್ದೆ. ದಿನ ಹೋಗ್ತಾ ಹೋಗ್ತಾ... ಅವಳೂ ಕೇಳೋದು ಬಿಟ್ಳು."

ಮಗಳು ಅಮ್ಮನ ಕೈಗಳತ್ತ ತಿರುಗಿದಳು. ಇಂಥ ಮೋಸ ಮಾಡಿದವನ ಭುಜವನ್ನು ಈ ಬೆರಳುಗಳು ಸಂಜೆ ಸಂಜೆ ತಿಕ್ಕಿದ್ದವು. ಅವನು ಕಣ್ಣು ಮುಚ್ಚಿ ತಿಕ್ಕಿಸಿಕೊಂಡಿದ್ದ. ಫೋನ್ ಬಂದಿಲ್ಲ ಎನ್ನುವಾಗ ಒಂದು ದಿನವೂ ನಾಲಿಗೆ ತೊದಲಿರಲಿಲ್ಲ.

ಬಾಗಿಲಲ್ಲಿ ಗಾಡಿಯ ಡ್ರೈವರ್ ಇಣುಕಿದ. "ಹೆಗಲು ಕೊಡೋರು ಬನ್ನಿ, ಹೊರಡೋಣ."

ಅಪ್ಪ ಎದ್ದ. ತೋಳು ಮೇಲೇಳಲಿಲ್ಲ. ಮತ್ತೆ ಕುರ್ಚಿಗೆ ಕುಸಿದು, ಮಗಳಿಗೆ ಬೆನ್ನು ಮಾಡಿ, ಅಂಗಿಯ ಕಾಲರನ್ನು ಕೆಳಕ್ಕೆ ಜಗ್ಗಿದ.

"ಒಂಚೂರು ತಿಕ್ಕಮ್ಮ. ಕೈ ಎತ್ತೋಕೇ ಆಗ್ತಿಲ್ಲ."

ಮಗಳು ಅಂಗೈಗಳನ್ನು ಒಂದಕ್ಕೊಂದು ಉಜ್ಜಿದಳು. ಬಿಸಿಯಾಗುವ ತನಕ ಉಜ್ಜಿದಳು.

"ಎಲ್ಲಿ ನೋಯ್ತಿದೆ?" ಎಂದು ಕೇಳಿದಳು. ಯಾರನ್ನಾದರೂ ಅವಳು ಹಾಗೆ ಕೇಳಿದ್ದು ಇದೇ ಮೊದಲು.

"ಇಲ್ಲೇ," ಎಂದ ಅಪ್ಪ, ಕಣ್ಣು ಮುಚ್ಚಿ, ಕತ್ತು ಬಗ್ಗಿಸಿ.

ಮಗಳು ಪೆಟ್ಟಿಗೆಯತ್ತ ಬಾಗಿ, ಆ ಬಿಸಿ ಅಂಗೈಗಳಲ್ಲಿ ಅಮ್ಮನ ಹೆಬ್ಬೆರಳುಗಳನ್ನು ಹಿಡಿದುಕೊಂಡಳು. ಡ್ರೈವರ್ ಇನ್ನೊಮ್ಮೆ ಕರೆದ. ಅಪ್ಪ ಕಾಲರ್ ಜಗ್ಗಿ ಹಿಡಿದುಕೊಂಡು, ಬರಿಯ ಭುಜ ಒಡ್ಡಿಕೊಂಡು ಹಾಗೇ ಕೂತಿದ್ದ.