ಶಿವಲಿಂಗಮ್ಮ ಕೊಟ್ಟ ಶಿಕ್ಷೆ

ಗೊರೇಬಾಳದ ಶಿವಲಿಂಗಮ್ಮ ಪೊಲೀಸರ ಹತ್ತಿರ ಹೋಗಲಿಲ್ಲ. ಪಕ್ಕದ ಮನೆಯ ವಿರೇಶ ಕಾಲುವೆ ರಸ್ತೆಯಲ್ಲಿ ಬೈಕು ಹಾರಿಸಿಕೊಂಡು ಬಂದು ಅವಳ ಮಗಳನ್ನು ಕೆಡವಿದ್ದ. ತಲೆಗೆ ಪೆಟ್ಟು ತಿಂದ ಅಮರೇಶ್ವರಿ, ಪುಸ್ತಕ ತೆರೆದರೆ ಅಕ್ಷರ ತೇಲುತ್ತವೆ ಎಂದು ಅಳುತ್ತಿದ್ದಳು. ಹತ್ತನೇ ಕ್ಲಾಸಿನ ಪರೀಕ್ಷೆಗೆ ಒಂದೂವರೆ ತಿಂಗಳಿತ್ತು. ಪೊಲೀಸರು ದಂಡ ಹಾಕಿ ಬಿಟ್ಟುಬಿಡುತ್ತಾರೆ, ಅಷ್ಟಕ್ಕೆಲ್ಲ ಇವಳ ಹೊಟ್ಟೆಯ ಉರಿ ಆರುವಂತಿರಲಿಲ್ಲ.

ಸಿಂಧನೂರಿನ ಡಾಕ್ಟರು, "ಸ್ಕ್ಯಾನಿನಾಗ ಏನೂ ಇಲ್ಲ. ಮಿದುಳು ಸ್ವಲ್ಪ ಅದುರೈತಿ. ಚಲೋ ನಿದ್ದಿನ ಇದಕ್ಕ ಔಷಧ," ಎಂದಿದ್ದರು. ಮುಂದೆ ಇನ್ನೂ ಏನೇನೋ ಹೇಳುತ್ತಿದ್ದರು. ಆದರೆ ಕೇಳುವವರು ಯಾರು? ಶಿವಲಿಂಗಮ್ಮನಿಗೆ ಶಿಕ್ಷೆ ಆಗಲೇ ಹೊಳೆದುಬಿಟ್ಟಿತ್ತು.

ಕೇಸು ಬೇಡವೆಂದು ಕೈಮುಗಿಯುತ್ತ ಬಂದ ವಿರೇಶನ ತಾಯಿ ಲಕ್ಷ್ಮಿದೇವಿಗೆ ಅವಳು ಹೇಳಿದ್ದಿಷ್ಟೇ: "ನನ್ನ ಮಗಳು ಮಧ್ಯಾಹ್ನ ಮಕ್ಕೊಂಡಷ್ಟು ಹೊತ್ತು ನಿನ್ನ ಮಗ ನಮ್ಮ ಬಾಗಲ ಮುಂದ ಬಿಸಲಾಗ ಕುಂದರಬೇಕು. ಓಣ್ಯಾಗ ಒಂದು ಗಾಡಿ ಸಪ್ಪಳ ಆಗಬಾರದು."

ವಿರೇಶ ಕುಳಿತ. ಬಂದ ಬೈಕುಗಳಿಗೆ ಕೈ ಅಡ್ಡ ಹಿಡಿದು ಗೆಳೆಯರಿಂದ ಬೈಸಿಕೊಂಡ. ಮೊದಲ ದಿನ ಒಂದು ತಾಸು. ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ಶಿವಲಿಂಗಮ್ಮನಿಗೆ ಅದು ಏನೇನೂ ಸಾಲಲಿಲ್ಲ. ಮಗಳು ಕಣ್ಣು ಬಿಟ್ಟರೆ, "ಮಕ್ಕೋ ನನ್ನವ್ವಾ, ಇನ್ನಷ್ಟು ಮಕ್ಕೋ," ಎಂದು ತಟ್ಟಿದಳು. ಒಂದು ತಾಸು ನಾಲ್ಕಾಯಿತು. ಹುಡುಗನ ಮುಖ ಸುಟ್ಟು ಕರ್ರಗಾಯಿತು. ನಿಜ ಹೇಳಬೇಕೆಂದರೆ, ಆಮೇಲೆಯೇ ಅವಳಿಗೆ ಉಂಡ ಅನ್ನ ರುಚಿಸತೊಡಗಿದ್ದು.

ಮೂರು ವಾರವಾದರೂ ಅಮರೇಶ್ವರಿಯ ತಲೆನೋವು ಇಳಿಯಲಿಲ್ಲ. ರಾತ್ರಿಯೆಲ್ಲ ಹೊರಳಾಡುತ್ತಿದ್ದಳು. ಮತ್ತೆ ಸಿಂಧನೂರಿಗೆ ಹೋದರು. ನಿದ್ದೆ ಹೇಗಿದೆ ಎಂದು ಡಾಕ್ಟರು ಕೇಳಿದ್ದಕ್ಕೆ ಹುಡುಗಿಯೇ ಬಾಯಿಬಿಟ್ಟಳು: "ಹಗಲು ನಾಕು ತಾಸು ಮಲಗಸ್ತಾಳ್ರೀ. ವಿರೇಶ ಹೊರಗ ಸುಡಲಿ ಅಂತ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಗಲು ಅರ್ಧ ತಾಸಿನ ಮ್ಯಾಲೆ ಬ್ಯಾಡ, ರಾತ್ರಿ ನಿದ್ದಿ ಕೆಡತೈತಿ, ದಿನಾ ಒಂದ ಹೊತ್ತಿಗೆ ಮಲಗಿಸಿ ಎಬ್ಬಸ್ರಿ ಅಂತ ಅವತ್ತ ಹೇಳಿದ್ನಲ್ಲಮ್ಮಾ. ಇಷ್ಟೊತ್ತಿಗೆ ಈ ಹುಡುಗಿ ಸಾಲಿಗೆ ಹೋಗಾಕ ಹತ್ತಬೇಕಿತ್ತು."

ಊರಿಗೆ ಬಂದರೆ ವಿರೇಶ ಆಗಲೇ ಬಾಗಿಲ ಮುಂದೆ ಕುಳಿತಿದ್ದ.

"ಎದ್ದೇಳಲೇ. ನಾಳಿಂದ ಬರಬ್ಯಾಡ," ಎಂದಳು ಶಿವಲಿಂಗಮ್ಮ.

ಅವನು ನಂಬಲಾರದೆ ನೋಡಿದ. "ಮಾಫ್ ಮಾಡಿದೇನು, ಚಿಗವ್ವಾ?"

"ಸಾಯೋತನಕ ಮಾಡಂಗಿಲ್ಲ." ಅವಳು ಬಾಗಿಲ ಕೀಲಿ ತೆಗೆದಳು. "ಆದ್ರ ನೀ ಆಕಿನ್ನ ಒಂದ ಸಲ ಕೆಡವಿದಿ. ನಾ ಮೂರು ವಾರ ದಿನಾ ಕೆಡವೀನಿ."